ಪನೀರ್ ನೀರು, ಆಲೂಗಡ್ಡೆ ಸಿಪ್ಪೆಯಿಂದ ಲ್ಯಾಕ್ಟಿಕ್ ಆಸಿಡ್: ಎಲ್ಲಿ ಕೈಕೊಡುತ್ತದೆ, ಹೇಗೆ ಸರಿಮಾಡಬೇಕು

ಪನೀರ್ ಮಾಡಿ ಉಳಿದ ನೀರಿನಿಂದ ಲ್ಯಾಕ್ಟಿಕ್ ಆಸಿಡ್ ತೆಗೆಯಲು ಹೊರಟವರು ನನಗೆ ಹೇಳುವುದು ಹೆಚ್ಚುಕಡಿಮೆ ಇದೇ ಮೂರು ಮಾತು. "ಮೊದಲ ದಿನ ಚೆನ್ನಾಗಿ ಹುಳಿ ಬಂತು, ಆಮೇಲೆ ನಿಂತೇಬಿಡ್ತು." "ಕಾರ್ಬೊನೇಟ್ ಪುಡಿ ಹಾಕಿದ ಮೇಲೆ ಟೈಟ್ರೇಶನ್‌ನಲ್ಲಿ ಆಸಿಡ್ ಕಾಣಿಸ್ತಾನೇ ಇಲ್ಲ." "ಸೋಸಿಟ್ಟಿದ್ದು ಬೆಳಗ್ಗೆ ನೋಡಿದರೆ ಗಂಜಿ ಆಗಿದೆ."

ಮೂರಕ್ಕೂ ಬೇರು ಒಂದೇ. ಬ್ಯಾಕ್ಟೀರಿಯಾ ತಾನು ಮಾಡಿದ ಆಸಿಡ್‌ನಿಂದಲೇ ಸುಸ್ತಾಗುತ್ತದೆ. ಹಾಗಾಗಿ ಆಸಿಡ್ ಹುಟ್ಟುತ್ತಿದ್ದ ಹಾಗೇ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಿ ಅದನ್ನು ಕ್ಯಾಲ್ಸಿಯಂ ಜೊತೆ ಕಟ್ಟಿಹಾಕುತ್ತೇವೆ. ಅಂದರೆ ಕೊನೆಯ ದಿನದ ತನಕ ನಿಮ್ಮ ಕೈಯಲ್ಲಿರುವುದು ಆಸಿಡ್ ಅಲ್ಲ, ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಉಪ್ಪು. ಕ್ಷಾರ ಹನಿಸಿ ಆಸಿಡ್ ಅಳೆಯುವ ಟೈಟ್ರೇಶನ್‌ನಲ್ಲಿ ಅದು ಕಾಣುವುದಿಲ್ಲ. ತಣ್ಣಗಾದರೆ ಹರಳು ಕಟ್ಟುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಹಂತಗಳು ಯಾಕೆ ಈ ಕ್ರಮದಲ್ಲೇ ಇವೆ ಅನ್ನುವುದು ಅರ್ಥವಾಗುತ್ತದೆ.

ಇಲ್ಲಿ ಕೊಟ್ಟಿರುವ ಲೆಕ್ಕ 10 ಲೀಟರ್ ಪನೀರ್ ನೀರಿಗೆ. ಕಾಲೇಜಿನ ಪ್ರಾಜೆಕ್ಟ್‌ಗೆ, ಸಣ್ಣ ಡೈರಿ ಘಟಕದಲ್ಲಿ ಮೊದಲ ಪ್ರಯೋಗಕ್ಕೆ ಇಷ್ಟು ಸಾಕು. ಹೀಗೆ ಸಿಕ್ಕ ಆಸಿಡ್ ತಿನ್ನುವ ಪದಾರ್ಥಕ್ಕೆ ಬಳಸುವಂಥದ್ದಲ್ಲ. ಅದಕ್ಕೆ ಬೇರೆಯೇ ಮಟ್ಟದ ಶುದ್ಧೀಕರಣ, ಪರೀಕ್ಷೆ ಬೇಕು.

## ಮೊದಲು ಲೆಕ್ಕ

ಪನೀರ್ ನೀರಿನಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಸುಮಾರು ಶೇ. 4.5ರಿಂದ 5 ಇರುತ್ತದೆ. ಶೇ. 4.8 ಅಂತ ಹಿಡಿದರೆ 10 ಲೀಟರ್‌ನಲ್ಲಿ 480 ಗ್ರಾಂ. ನೂರು ಗ್ರಾಂ ಲ್ಯಾಕ್ಟೋಸ್‌ನಿಂದ ಲೆಕ್ಕದ ಪ್ರಕಾರ ಗರಿಷ್ಠ 105 ಗ್ರಾಂ ಲ್ಯಾಕ್ಟಿಕ್ ಆಸಿಡ್ ಬರಬೇಕು. ಹಾಗಾಗಿ ನಿಮ್ಮ ಮೇಲ್ಮಿತಿ ಸುಮಾರು 505 ಗ್ರಾಂ. ಹುದುಗುವಿಕೆಯಲ್ಲಿ 430 ಗ್ರಾಂ ಹತ್ತಿರ ಬಂದರೆ ಅದು ಒಳ್ಳೆಯ ಬ್ಯಾಚ್.

ಒಂದು ಗ್ರಾಂ ಆಸಿಡ್ ಕಟ್ಟಿಹಾಕಲು 0.56 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. 505 ಗ್ರಾಂಗೆ 281 ಗ್ರಾಂ ಆಯಿತು. 300 ಗ್ರಾಂ ತೂಗಿ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಖರ್ಚಾಗುತ್ತಿದ್ದರೆ ಪಾತ್ರೆಯೊಳಗೆ ಬೇರೇನೋ ನಡೆಯುತ್ತಿದೆ ಅಂತ ಅರ್ಥ.

## ಬೇಕಾದ ಸಾಮಾನು

15ರಿಂದ 20 ಲೀಟರ್‌ನ ಸ್ಟೀಲ್ ಪಾತ್ರೆ ಅಥವಾ ಆಹಾರಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಡ್ರಮ್, ಮುಚ್ಚಳದ ಸಮೇತ. 10 ಲೀಟರ್‌ಗೆ 10 ಲೀಟರ್ ಪಾತ್ರೆ ಸಾಲದು, ನೊರೆ ಏರುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇಡವೇ ಬೇಡ. ಆಸಿಡ್ಡೂ ಸುಣ್ಣವೂ ಎರಡೂ ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ.

ಬಿಸಿ ಕಾಯಲು ಥರ್ಮೋಸ್ಟಾಟ್ ಇರುವ ನೀರಿನ ತೊಟ್ಟಿ. ಮೀನಿನ ತೊಟ್ಟಿಯ ಹೀಟರ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅವುಗಳಲ್ಲಿ ಹೆಚ್ಚಿನವು 34 ಡಿಗ್ರಿ ಆಸುಪಾಸಿಗೆ ನಿಲ್ಲುತ್ತವೆ, ನಮಗೆ ಬೇಕಾದದ್ದು 42.

ಹುಳಿಯ ಮಟ್ಟ ತೋರಿಸುವ ಪಿಎಚ್ ಮೀಟರ್ (ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ), ಅದನ್ನು ಸರಿಹೊಂದಿಸುವ 4 ಮತ್ತು 7ರ ಬಫರ್ ದ್ರಾವಣ. ಪಿಎಚ್ ಪಟ್ಟಿಯಿಂದ ಈ ಕೆಲಸ ಆಗುವುದಿಲ್ಲ. ಮೋಡದಂಥ ಬಿಳಿ ನೀರಿನಲ್ಲಿ 5.3ಕ್ಕೂ 6ಕ್ಕೂ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ.

ಉಳಿದಂತೆ: ಥರ್ಮಾಮೀಟರ್, ತಕ್ಕಡಿ, ನಿಧಾನ ತಿರುಗುವ ಕಲಕುವ ಯಂತ್ರ ಅಥವಾ ಉದ್ದ ಸ್ಟೀಲ್ ಸೌಟು, ಮಲ್ ಬಟ್ಟೆ, ಫಿಲ್ಟರ್ ಪೇಪರ್ ಮತ್ತು ವ್ಯಾಕ್ಯೂಮ್ ಪಂಪ್, ಬ್ಯೂರೆಟ್, ಮೈಕ್ರೋಸ್ಕೋಪ್. ಕನ್ನಡಕ, ಕೈಗವಸು, ಹತ್ತಿಯ ಏಪ್ರನ್ ಕೂಡ ಸಾಮಾನಿನ ಪಟ್ಟಿಯಲ್ಲೇ ಇವೆ. ಅವಿಲ್ಲದೆ ಕೊನೆಯ ಎರಡು ಹಂತಕ್ಕೆ ಕೈಹಾಕಬೇಡಿ.

ಕಾರ್ಬೊನೇಟ್ ಬಗ್ಗೆ ಒಂದು ಮಾತು. ರಂಗೋಲಿ ಪುಡಿ ಬಳಸಬೇಡಿ, ಅದರಲ್ಲಿ ಯಾವ ಕಲ್ಲಿನ ಪುಡಿ ಇದೆಯೋ ಹೇಳಲಾಗದು. ಶಾಲೆಯ ಸೀಮೆಸುಣ್ಣವೂ ಬೇಡ. ಅದು ಎಷ್ಟೋ ಸಲ ಜಿಪ್ಸಂ, ಆಸಿಡ್ ಜೊತೆ ಸೇರುವುದೇ ಇಲ್ಲ. ಮೊಟ್ಟೆ ಚಿಪ್ಪು ನಡೆಯುತ್ತದೆ, ಆದರೆ ಮೈದಾ ಹಿಟ್ಟಿನಷ್ಟು ನುಣ್ಣಗೆ ಅರೆದಿರಬೇಕು. ರಾಸಾಯನಿಕ ಅಂಗಡಿಯಲ್ಲಿ ಸಿಗುವ ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್ ತಂದರೆ ಈ ತಲೆನೋವೇ ಇಲ್ಲ.

## ಹಂತ 1: ಸರಿಯಾದ ಬ್ಯಾಕ್ಟೀರಿಯಾ ಆರಿಸಿ

ಜಾಸ್ತಿ ಜನ ಎಡವುವುದು ಇಲ್ಲೇ, ಪಾತ್ರೆ ತೊಳೆಯುವುದಕ್ಕೂ ಮೊದಲು. ಪುಸ್ತಕದಲ್ಲಿ "ಲ್ಯಾಕ್ಟಿಕ್ ಆಸಿಡ್‌ಗೆ ಲ್ಯಾಕ್ಟೋಬ್ಯಾಸಿಲಸ್ ಡೆಲ್ಬ್ರುಕಿ" ಅಂತ ಓದಿ ಅದನ್ನೇ ತರಿಸುತ್ತಾರೆ. ಆ ಹೆಸರಿನಲ್ಲಿ ಹಲವು ಉಪಜಾತಿಗಳಿವೆ. ಡೆಲ್ಬ್ರುಕಿ ಉಪಜಾತಿ ಕಾಕಂಬಿಯ ಸಕ್ಕರೆಗೆ ಒಳ್ಳೆಯದು, ಹಾಲಿನ ಸಕ್ಕರೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪನೀರ್ ನೀರಿಗೆ ಹಾಕಿ ಎರಡು ದಿನ ಕಾದರೂ ಏನೂ ಆಗುವುದಿಲ್ಲ.

ಬಲ್ಗೇರಿಕಸ್ ಉಪಜಾತಿ ಲ್ಯಾಕ್ಟೋಸ್ ಒಡೆಯುತ್ತದೆ. ಆದರೆ ಒಡೆದಾಗ ಬರುವ ಗ್ಲೂಕೋಸ್ ಮಾತ್ರ ತಿಂದು ಗ್ಯಾಲಕ್ಟೋಸ್ ಅನ್ನು ಹೊರಗೆ ಬಿಡುತ್ತದೆ. ಅರ್ಧ ಸಕ್ಕರೆ ಹಾಗೇ ಉಳಿಯಿತು ಅಂದರೆ ಅರ್ಧ ಆಸಿಡ್ ಹೋಯಿತು.

ಬರೀ ಪನೀರ್ ನೀರಿಗೆ ನಾನು ಹೇಳುವುದು ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್. ಗ್ಲೂಕೋಸ್, ಗ್ಯಾಲಕ್ಟೋಸ್ ಎರಡನ್ನೂ ತಿನ್ನುತ್ತದೆ, 42 ಡಿಗ್ರಿಯಲ್ಲಿ ಚುರುಕಾಗಿ ಬೆಳೆಯುತ್ತದೆ. ಅಷ್ಟು ಬಿಸಿಯಲ್ಲಿ ಬಹಳಷ್ಟು ಯೀಸ್ಟ್‌ಗಳು ತೆಪ್ಪಗಿರುತ್ತವೆ, ಅದೊಂದು ಲಾಭ. ಇದರಿಂದ ಎಲ್ ಮತ್ತು ಡಿ (ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಎದುರಾದ ರೂಪಗಳು) ಎರಡೂ ಬಗೆಯ ಆಸಿಡ್ ಬೆರೆತು ಬರುತ್ತದೆ. ಪ್ಲಾಸ್ಟಿಕ್ ತಯಾರಿಕೆಯಂಥ ಕೆಲಸಕ್ಕೆ ಬರೀ ಎಲ್ ಬಗೆಯೇ ಬೇಕಿದ್ದರೆ ಕೇಸಿಯೈ ಗುಂಪಿನ ತಳಿ ತೆಗೆದುಕೊಂಡು 37 ಡಿಗ್ರಿಯಲ್ಲಿ ಬೆಳೆಸಿ. ಆ ತಳಿ ಲ್ಯಾಕ್ಟೋಸ್ ತಿನ್ನುತ್ತದೆಯೇ ಅಂತ ಕೇಳಿಕೊಂಡೇ ತರಿಸಿ.

ಆಲೂಗಡ್ಡೆ ಸಿಪ್ಪೆಯಂಥ ಗಿಡದ ಕಸವನ್ನೂ ಬೆರೆಸುವುದಾದರೆ ಪ್ಲಾಂಟೇರಮ್ ಒಳ್ಳೆಯದು. ಲ್ಯಾಕ್ಟೋಸ್, ಮಾಲ್ಟೋಸ್, ಸುಕ್ರೋಸ್ ಎಲ್ಲವನ್ನೂ ತಿನ್ನುವ ತಳಿಗಳು ಅದರಲ್ಲಿ ಸಿಗುತ್ತವೆ. ಅದಕ್ಕೆ 35 ಡಿಗ್ರಿ ಆಸುಪಾಸು ಸಾಕು.

ತಳಿಗಳು ಪುಣೆಯ ಎನ್‌ಸಿಐಎಂ, ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ, ಕರ್ನಾಲ್‌ನ ಎನ್‌ಡಿಆರ್‌ಐನಲ್ಲಿರುವ ಡೈರಿ ಕಲ್ಚರ್ ಸಂಗ್ರಹದಲ್ಲಿ ಸಿಗುತ್ತವೆ. 2020ರಲ್ಲಿ ಈ ಕುಲದ ಹೆಸರುಗಳನ್ನು ಬದಲಿಸಿದ್ದಾರೆ. ಸೀಸೆಯ ಮೇಲೆ ಲ್ಯಾಕ್ಟಿಕೇಸಿಬ್ಯಾಸಿಲಸ್, ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಅಂತ ಇದ್ದರೆ ಗಾಬರಿ ಬೇಡ, ಎರಡನೇ ಪದ ನೋಡಿ.

ಮನೆಯ ಮೊಸರು ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹುಳಿ ಬರುತ್ತದೆ, ನಿಜ. ಆದರೆ ಅದರಲ್ಲಿ ಯಾರ್ಯಾರಿದ್ದಾರೋ ಗೊತ್ತಿಲ್ಲ. ಒಂದು ವಾರ ಬಂದ ಫಲ ಇನ್ನೊಂದು ವಾರ ಬರುವುದಿಲ್ಲ. ಕಲಿಯಲು ಒಂದು ಸಲ ಮಾಡಿ ನೋಡಿ, ಅದರ ಮೇಲೆ ಲೆಕ್ಕ ಕಟ್ಟಬೇಡಿ.

## ಹಂತ 2: ಹೆಪ್ಪು ಬೆಳೆಸಿ

ಸೀಸೆಯಲ್ಲಿ ಬಂದ ಒಣ ಕಲ್ಚರನ್ನು 10 ಮಿ.ಲೀ. ಎಂಆರ್‌ಎಸ್ ದ್ರವದಲ್ಲಿ (ಈ ಬ್ಯಾಕ್ಟೀರಿಯಾ ಬೆಳೆಸಲೆಂದೇ ಸಿಗುವ ಸಿದ್ಧ ಪೋಷಕ ದ್ರವ) 18ರಿಂದ 24 ಗಂಟೆ ಬೆಳೆಸಿ. ಅಲ್ಲಿಂದ 100 ಮಿ.ಲೀ., ಅಲ್ಲಿಂದ 500 ಮಿ.ಲೀ. ಕೊನೆಯ ಎರಡು ಸಲ ಎಂಆರ್‌ಎಸ್ ಬೇಡ, ಮುಂದಿನ ಹಂತದಲ್ಲಿ ತಯಾರಿಸುವ ಪನೀರ್ ನೀರಿನಲ್ಲೇ ಬೆಳೆಸಿ. ಎಂಆರ್‌ಎಸ್‌ನಲ್ಲಿ ಇರುವುದು ಗ್ಲೂಕೋಸ್. ಅದನ್ನೇ ತಿಂದು ತಿಂದು ಬೆಳೆದ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಕಂಡಾಗ ತಡವರಿಸುತ್ತದೆ. ಕೆಲವು ತಳಿಗಳಂತೂ ಹತ್ತಾರು ಸಲ ಗ್ಲೂಕೋಸ್‌ನಲ್ಲಿ ಬೆಳೆದ ಮೇಲೆ ಲ್ಯಾಕ್ಟೋಸ್ ತಿನ್ನುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ.

ಹೆಪ್ಪು ಹಾಕುವ ಮುಂಚೆ ಎರಡು ಪರೀಕ್ಷೆ. ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾ ಗುರುತಿಸುವ ಬಣ್ಣ) ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ನೇರಳೆ ಬಣ್ಣದ ಕಡ್ಡಿಗಳು ಮಾತ್ರ ಕಾಣಬೇಕು. ಗಾಜಿನ ಮೇಲೆ ಒಂದು ಹನಿ ಕಲ್ಚರ್‌ಗೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಗುಳ್ಳೆ ಬಂದರೆ ಬೇರೆ ಜೀವಿ ಸೇರಿದೆ, ಆ ಹೆಪ್ಪು ಚೆಲ್ಲಿ. 12ರಿಂದ 16 ಗಂಟೆಯ ಹೆಪ್ಪು ಚುರುಕಾಗಿರುತ್ತದೆ. ಫ್ರಿಜ್‌ನಲ್ಲಿ ವಾರ ಕಳೆದದ್ದನ್ನು ನೇರ ದೊಡ್ಡ ಪಾತ್ರೆಗೆ ಸುರಿಯಬೇಡಿ.

## ಹಂತ 3: ಪನೀರ್ ನೀರು ತಯಾರಿಸಿ

ಅವತ್ತು ಬಂದ ನೀರನ್ನು ಅವತ್ತೇ ಬಳಸಿ. ಉಪ್ಪು ಹಾಕಿದ ಚೀಸ್‌ನ ನೀರು ಬೇಡ. ವಿನೆಗರ್ ಹಾಕಿ ಒಡೆಸಿದ ನೀರೂ ಬೇಡ, ಅದರಲ್ಲಿರುವ ಅಸಿಟಿಕ್ ಆಸಿಡ್ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ, ಕೊನೆಗೆ ಲೆಕ್ಕವನ್ನೂ ಕೆಡಿಸುತ್ತದೆ. ಸಿಟ್ರಿಕ್ ಆಸಿಡ್‌ನಿಂದ ಒಡೆಸಿದ್ದು ಅನುಕೂಲ.

ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ತೆಳು ಸುಣ್ಣದ ಹಾಲು (ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿದ್ದು) ಸ್ವಲ್ಪಸ್ವಲ್ಪ ಸೇರಿಸುತ್ತಾ ಪಿಎಚ್ 6.2ರಿಂದ 6.5ಕ್ಕೆ ತನ್ನಿ. 7 ದಾಟಬಾರದು. ದಾಟಿಸಿ ಕುದಿಸಿದರೆ ಲ್ಯಾಕ್ಟೋಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ಆಮೇಲೆ ತೆಗೆಯುವುದು ಬಲು ಕಷ್ಟ.

ಈಗ 90 ಡಿಗ್ರಿಗೆ ಕಾಯಿಸಿ 20 ನಿಮಿಷ ಹಿಡಿಯಿರಿ. ಹೊರಗಿನ ಜೀವಿಗಳು ಬಹುಪಾಲು ಸಾಯುತ್ತವೆ, ಉಳಿದ ಪ್ರೋಟೀನ್ ಸಣ್ಣ ಚೂರುಗಳಾಗಿ ಗಟ್ಟಿಯಾಗುತ್ತದೆ. ಅದರ ಜೊತೆ ಬಿಳಿ ಮೋಡದಂತೆ ಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಬೇರ್ಪಡುತ್ತದೆ. ಅರ್ಧ ಗಂಟೆ ಬಿಟ್ಟು, ಕುದಿಸಿದ ಮಲ್ ಬಟ್ಟೆಯಲ್ಲಿ ಮೇಲಿನ ತಿಳಿಯನ್ನು ಸೋಸಿ.

ಪೋಷಕಾಂಶ ಸೇರಿಸುವುದನ್ನು ಬಿಡಲೇಬೇಡಿ. ಚೀಸ್ ನೀರಿನ ಬಗ್ಗೆ ಬರೆದ ವಿಧಾನ ನೋಡಿ ಪನೀರ್ ನೀರಿನಲ್ಲಿ ಮಾಡಿದವರು ಸೋಲುವುದು ಇದರಿಂದ. ಪನೀರ್‌ಗೆ ಹಾಲನ್ನು ಜೋರಾಗಿ ಕಾಯಿಸುತ್ತೇವೆ, ಅಲ್ವಾ? ಆಗ ನೀರಿಗೆ ಬರಬೇಕಾದ ಪ್ರೋಟೀನ್ ಬಹುಪಾಲು ಪನೀರ್ ಜೊತೆಗೇ ಹೋಗುತ್ತದೆ. ಉಳಿದ ನೀರಿನಲ್ಲಿ ಸಕ್ಕರೆ ಇದೆ, ಊಟ ಇಲ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೆ ಅಮೈನೋ ಆಮ್ಲ, ಬಿ ವಿಟಮಿನ್‌ಗಳು ಹೊರಗಿನಿಂದಲೇ ಸಿಗಬೇಕು.

ಲೀಟರಿಗೆ 5 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 0.05 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಹಾಕಿ. ಯೀಸ್ಟ್ ಎಕ್ಸ್‌ಟ್ರಾಕ್ಟ್ ದುಬಾರಿ. ಅಗ್ಗದ ದಾರಿ ಬೇಕಿದ್ದರೆ ಮೆಕ್ಕೆಜೋಳದ ಸ್ಟಾರ್ಚ್ ಕಾರ್ಖಾನೆಯಲ್ಲಿ ಸಿಗುವ ಕಾಳು ನೆನೆಸಿದ ಗಟ್ಟಿ ದ್ರವ, ಇಲ್ಲವೇ ಎಣ್ಣೆ ತೆಗೆದ ಅಕ್ಕಿ ತೌಡನ್ನು ಬಿಸಿನೀರಿನಲ್ಲಿ ಕುದಿಸಿ ಸೋಸಿದ ರಸ. ಮೊದಲ ಬ್ಯಾಚನ್ನು ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಲ್ಲೇ ಮಾಡಿ. ಅದು ಗೆದ್ದ ಮೇಲೆ ಅಗ್ಗದ್ದಕ್ಕೆ ಬದಲಿಸಿ. ಒಂದೇ ಸಲ ಹಲವನ್ನು ಬದಲಿಸಿದರೆ ತಪ್ಪು ಎಲ್ಲಿ ಅಂತ ತಿಳಿಯುವುದಿಲ್ಲ.

ಪೋಷಕಾಂಶಗಳನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಬೇರೆಯಾಗಿ ಕುದಿಸಿ ಸೇರಿಸಿ.

## ಹಂತ 4: ಗಿಡದ ಕಸ ಬೆರೆಸುವುದಾದರೆ

ಬರೀ ಪನೀರ್ ನೀರಿನ ಬ್ಯಾಚ್ ಒಮ್ಮೆ ಗೆಲ್ಲುವ ತನಕ ಈ ಹಂತ ಬಿಡಿ.

ಸಿಹಿ ಕಸ ಸುಲಭ. ಅನಾನಸ್ ಸಿಪ್ಪೆ, ಕರಾವಳಿಯಲ್ಲಿ ಮರದಡಿ ಕೊಳೆಯುವ ಗೇರುಹಣ್ಣು ಇಂಥವುಗಳ ರಸ ಹಿಂಡಿ, ಪಿಎಚ್ ಸರಿಮಾಡಿ, ಕುದಿಸಿ, ಸೋಸಿ ಸೇರಿಸಿದರಾಯಿತು. ಕಾಕಂಬಿ ಕೂಡ ಸಿಹಿಯೇ, ಆದರೆ ಅದರ ಬಣ್ಣ, ಲೋಹದ ಅಂಶ ಎರಡೂ ಕಾಡುತ್ತವೆ. ತುಂಬಾ ತೆಳುಮಾಡಿಯೇ ಬಳಸಬೇಕು.

ಕಬ್ಬಿನ ಸಿಪ್ಪೆ, ಹುಲ್ಲು, ಜೋಳದ ದಂಟು ಬೇಡ. ಅವುಗಳ ಸಕ್ಕರೆ ನಾರಿನೊಳಗೆ ಬಿಗಿಯಾಗಿ ಕೂತಿದೆ. ಕ್ಷಾರ, ಬಿಸಿ, ಸೆಲ್ಯುಲೇಸ್ ಎಂಜೈಮ್ ಎಲ್ಲ ಬೇಕು. ಅದರಿಂದ ಬರುವ ಕ್ಸೈಲೋಸ್ ತಿಂದರೆ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಜೊತೆ ಅಸಿಟಿಕ್ ಆಸಿಡ್ಡನ್ನೂ ಮಾಡುತ್ತದೆ. ಅದು ಬೇರೆಯೇ ಕೆಲಸ.

ಚಿಪ್ಸ್ ಮಾಡುವವರ ಹತ್ತಿರ ಸಿಗುವ ಆಲೂಗಡ್ಡೆ ಸಿಪ್ಪೆ ನನಗೆ ಇಷ್ಟ. ಅದರ ಪಿಷ್ಟವನ್ನು ಒಡೆಯಲು ನಮ್ಮ ಮನೆಯಲ್ಲೇ ಎಂಜೈಮ್ ಇದೆ: ಮೊಳಕೆ ರಾಗಿ. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಧಾರಾಳವಾಗಿರುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿ. ಹುರಿಯಬೇಡಿ. ಹುರಿದರೆ ಘಮ ಬರುತ್ತದೆ, ಎಂಜೈಮ್ ಸಾಯುತ್ತದೆ. ಅಂಗಡಿಯ ರಾಗಿ ಮಾಲ್ಟ್ ಪುಡಿ ಹಾಕಿ ಸೋತವರಿಗೆ ಆಗಿದ್ದು ಅದೇ.

ಒಂದು ಕಿಲೋ ಸಿಪ್ಪೆ ಚೆನ್ನಾಗಿ ತೊಳೆದು 2 ಲೀಟರ್ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ ಅರೆಯಿರಿ. 60 ಡಿಗ್ರಿಗೆ ಇಳಿದ ಮೇಲೆ 100 ಗ್ರಾಂ ಮೊಳಕೆ ರಾಗಿ ಹಿಟ್ಟು ಕಲಸಿ, ಅದೇ ಬಿಸಿಯಲ್ಲಿ ಎರಡು ಗಂಟೆ ಇಡಿ. ಹತ್ತು ಹದಿನೈದು ನಿಮಿಷಕ್ಕೇ ಅಂಟಂಟಾದ ಗಂಜಿ ನೀರಾಗುವುದು ಕಣ್ಣಿಗೆ ಕಾಣಬೇಕು. ಬಿಳಿ ತಟ್ಟೆಯಲ್ಲಿ ಒಂದು ಹನಿ ತಣ್ಣಗೆ ಮಾಡಿ ಅಯೋಡಿನ್ ಹಾಕಿ ನೋಡಿ. ಕಪ್ಪುನೀಲಿ ಅಂದರೆ ಪಿಷ್ಟ ಇನ್ನೂ ಇದೆ. ಕೆಂಪುಕಂದು ಅಂದರೆ ದಾರಿಯಲ್ಲಿದೆ. ಅಯೋಡಿನ್‌ನ ಹಳದಿ ಹಾಗೇ ಉಳಿದರೆ ಮುಗಿಯಿತು. ಆಮೇಲೆ 15 ನಿಮಿಷ ಕುದಿಸಿ ಸೋಸಿ. ಮೊಳಕೆ ಕಾಳಿನಲ್ಲಿ ಬೇಡದ ಜೀವಿಗಳು ತುಂಬಿರುತ್ತವೆ, ಈ ಕುದಿ ತಪ್ಪಿಸಬೇಡಿ.

ಹೀಗೆ ಬರುವ ಸಕ್ಕರೆ ಮುಖ್ಯವಾಗಿ ಮಾಲ್ಟೋಸ್. ನಿಮ್ಮ ತಳಿ ಮಾಲ್ಟೋಸ್ ತಿನ್ನದಿದ್ದರೆ ಇಷ್ಟು ಕಷ್ಟಪಟ್ಟದ್ದು ದಂಡ. ಸಿಪ್ಪೆ ಕಪ್ಪಾಗದಿರಲು ಸಲ್ಫೈಟ್ ನೀರಿನಲ್ಲಿ ಅದ್ದಿದ್ದರೆ ಅದನ್ನು ತೆಗೆದುಕೊಳ್ಳಬೇಡಿ. ಬೆರೆಸಿದ ಮೇಲೆ ಒಟ್ಟು ಸಕ್ಕರೆ ಶೇ. 6 ಮೀರದಿರಲಿ. ಸಕ್ಕರೆ ಜಾಸ್ತಿಯಾದಷ್ಟೂ ಕ್ಯಾಲ್ಸಿಯಂ ಲ್ಯಾಕ್ಟೇಟ್ ಹುದುಗುವ ಪಾತ್ರೆಯಲ್ಲೇ ಹರಳು ಕಟ್ಟುವ ಅಪಾಯ ಜಾಸ್ತಿ.

## ಹಂತ 5: ಹುದುಗಿಸಿ, ಪಿಎಚ್ ಕಾಯಿರಿ

ನೀರು 42 ಡಿಗ್ರಿಗೆ (ಕೇಸಿಯೈ ಆದರೆ 37ಕ್ಕೆ, ಪ್ಲಾಂಟೇರಮ್ ಆದರೆ 35ಕ್ಕೆ) ಇಳಿದ ಮೇಲೆ 500 ಮಿ.ಲೀ. ಹೆಪ್ಪು ಹಾಕಿ. ಬಿಸಿ 50 ಇರುವಾಗಲೇ ಅವಸರಪಟ್ಟು ಹಾಕಬೇಡಿ.

ಮುಚ್ಚಳ ಇರಲಿ, ಬಿಗಿಯಾಗಿ ಬೇಡ. ಕಾರ್ಬೊನೇಟ್ ಹಾಕಿದಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಪೂರ್ತಿ ಮುಚ್ಚಿದ ಕ್ಯಾನ್ ಸಿಡಿಯಬಹುದು. ಹತ್ತಿ ತುಂಬಿದ ಒಂದು ತೂತು ಸಾಕು. ಗಾಳಿ ಊದುವ ಅಗತ್ಯವಿಲ್ಲ. ಕಲಕುವುದು ಪುಡಿ ತಳದಲ್ಲಿ ಕೂರದಿರಲಿ ಅಂತ ಮಾತ್ರ.

300 ಗ್ರಾಂ ಕಾರ್ಬೊನೇಟನ್ನು ಓವನ್‌ನಲ್ಲಿ 160 ಡಿಗ್ರಿಯಲ್ಲಿ 2 ಗಂಟೆ ಒಣಬಿಸಿ ಕೊಟ್ಟು, ಆರು ಭಾಗ ಮಾಡಿಡಿ. ಒಂದೇ ಸಲ ಸುರಿಯುವುದು ದೊಡ್ಡ ತಪ್ಪು. ಪುಡಿ ತಳದಲ್ಲಿ ಗಟ್ಟಿ ಪದರವಾಗುತ್ತದೆ. ಮೇಲಿನ ನೀರು ಹುಳಿ, ಕೆಳಗಿನದು ಸಪ್ಪೆ. ಪಿಎಚ್ 5.3ಕ್ಕೆ ಇಳಿದಾಗ ಒಂದು ಭಾಗ ಹಾಕಿ, ಐದು ನಿಮಿಷ ಕಲಕಿ. ಅದು 5.8 ಆಸುಪಾಸಿಗೆ ಏರಬೇಕು. ಮತ್ತೆ 5.3ಕ್ಕೆ ಇಳಿದಾಗ ಇನ್ನೊಂದು ಭಾಗ.

ಚುರುಕಾದ ಹೆಪ್ಪಿದ್ದರೆ ಮೊದಲ ಭಾಗ 6ರಿಂದ 8 ಗಂಟೆಯ ಹೊತ್ತಿಗೆ ಬೇಕಾಗುತ್ತದೆ. ನಂತರದ 12 ಗಂಟೆ ತುಂಬಾ ಜೋರು. ಆ ಹೊತ್ತು ರಾತ್ರಿ ಬೀಳದ ಹಾಗೆ ನೋಡಿಕೊಳ್ಳಿ, ಅಂದರೆ ಹೆಪ್ಪನ್ನು ರಾತ್ರಿ ಮಲಗುವ ಮುಂಚೆ ಹಾಕಿ. ಬೆಳಗ್ಗೆ ಹಾಕಿದರೆ ಜೋರಿನ ಹೊತ್ತು ನಡುರಾತ್ರಿಗೆ ಬಂದು, ನೀವು ಏಳುವಷ್ಟರಲ್ಲಿ ಪಿಎಚ್ 4ಕ್ಕೆ ಇಳಿದಿರುತ್ತದೆ. "ಮೊದಲ ದಿನ ಬಂತು, ಆಮೇಲೆ ನಿಂತಿತು" ಅನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ. ಅಷ್ಟು ಇಳಿದ ಮೇಲೆ ಪುಡಿ ಹಾಕಿದರೂ ಬ್ಯಾಕ್ಟೀರಿಯಾ ಮೊದಲಿನ ಹಾಗೆ ಏಳುವುದಿಲ್ಲ.

ಕಾರ್ಬೊನೇಟ್ ಬದಲು ಎಲೆಅಡಿಕೆ ಸುಣ್ಣ ಹಾಕಬಹುದೇ? ಈ ಹಂತದಲ್ಲಿ ಬೇಡ. ಸುಣ್ಣ ಬಿದ್ದ ಜಾಗದಲ್ಲಿ ಪಿಎಚ್ 10, 11ಕ್ಕೆ ಹಾರುತ್ತದೆ, ಅಲ್ಲಿದ್ದ ಬ್ಯಾಕ್ಟೀರಿಯಾ ಸಾಯುತ್ತದೆ. ಕಾರ್ಬೊನೇಟ್ ತಾನಾಗಿ ಅಷ್ಟು ಮೇಲೆ ಒಯ್ಯುವುದಿಲ್ಲ, ಅದೇ ಅದರ ಗುಣ.

36ರಿಂದ 48 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಾಲ್ಕು ಗಂಟೆ ಕಾದರೂ ಪಿಎಚ್ ಇಳಿಯದಿದ್ದರೆ, ಸಕ್ಕರೆ ಪರೀಕ್ಷೆಯಲ್ಲೂ (ಹಂತ 6 ನೋಡಿ) ಶೇ. 0.5ಕ್ಕಿಂತ ಕಡಿಮೆ ಬಂದರೆ ನಿಲ್ಲಿಸಿ.

### ಎಚ್ಚರಿಕೆಯ ಗುರುತುಗಳು

ಮೂಗು ಇಲ್ಲಿ ಒಳ್ಳೆಯ ಸಾಧನ. ಸರಿಯಾದ ಬ್ಯಾಚ್ ಮಜ್ಜಿಗೆಯಂಥ ಹಗುರ ವಾಸನೆ ಕೊಡುತ್ತದೆ. ದೋಸೆ ಹಿಟ್ಟು ಉಕ್ಕಿದಾಗಿನ ಅಥವಾ ಹೆಂಡದ ವಾಸನೆ ಬಂದರೆ ಯೀಸ್ಟ್ ಸೇರಿದೆ. ಮೂಗಿಗೆ ಚುಚ್ಚುವ ವಿನೆಗರ್ ವಾಸನೆ ಅಂದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ. ಕೆಟ್ಟ ಬೆಣ್ಣೆಯ, ವಾಂತಿಯ ವಾಸನೆ ಬಂದರೆ ಬ್ಯಾಚ್ ಮುಗಿಯಿತು. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಸೇರಿ ನಿಮ್ಮ ಲ್ಯಾಕ್ಟೇಟನ್ನೇ ತಿಂದು ಬ್ಯುಟಿರಿಕ್ ಆಸಿಡ್ ಮಾಡುತ್ತಿದೆ. ಹುದುಗುವಿಕೆ ಮುಗಿದ ಮೇಲೂ "ಇನ್ನೊಂದು ದಿನ ಇರಲಿ" ಅಂತ ಬಿಟ್ಟವರಿಗೆ ಇದು ಆಗುತ್ತದೆ. ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಬೂಸ್ಟು, ಅದೂ ಲ್ಯಾಕ್ಟಿಕ್ ಆಸಿಡ್ ತಿನ್ನುತ್ತದೆ.

ಗುಳ್ಳೆ ನೋಡಿ ಹೆದರಬೇಡಿ. ಕಾರ್ಬೊನೇಟ್ ಹಾಕಿದ ತಕ್ಷಣ ಗುಳ್ಳೆ ಬರುವುದು ಸಹಜ. ಹಾಕದೇ ಇದ್ದಾಗ, ಪಿಎಚ್ ನಿಂತಿದ್ದರೂ ಗುಳ್ಳೆ ಬರುತ್ತಿದ್ದರೆ ಯೋಚಿಸಿ.

ಮೊದಲ 12 ಗಂಟೆ ಪಿಎಚ್ ಕದಲಲೇ ಇಲ್ಲವೇ? ಹೆಪ್ಪು ಸತ್ತಿರಬಹುದು, ಇಲ್ಲವೇ ಹಾಲಿನಲ್ಲಿ ಆಂಟಿಬಯೋಟಿಕ್ ಇದ್ದಿರಬಹುದು. ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿದ ಹಸುವಿನ ಹಾಲು ಸೇರಿದರೆ ಹೀಗಾಗುತ್ತದೆ, ಕುದಿಸಿದರೂ ಆ ಔಷಧಿ ಪೂರ್ತಿ ಹೋಗುವುದಿಲ್ಲ. ಅದೇ ಹೆಪ್ಪನ್ನು 100 ಮಿ.ಲೀ. ಈ ನೀರಿಗೂ, 100 ಮಿ.ಲೀ. ಪ್ಯಾಕೆಟ್ ಹಾಲಿಗೂ ಹಾಕಿ ನೋಡಿ. ಹಾಲು ಮಾತ್ರ ಹೆಪ್ಪಾದರೆ ತಪ್ಪು ನೀರಿನದು. ಚೆನ್ನಾಗಿ ಶುರುವಾಗಿ ಆರೆಂಟು ಗಂಟೆಗೆ ಪಿಎಚ್ 5.5ರಲ್ಲೇ ಇದ್ದಕ್ಕಿದ್ದಂತೆ ನಿಂತರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್, ಅಂದರೆ ಫೇಜ್, ಇದೆಯೇನೋ ಅಂತ ಅನುಮಾನಿಸಿ. ಪಾತ್ರೆ, ಬಟ್ಟೆ, ಕೋಣೆ ಎಲ್ಲ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬೇರೆ ತಳಿ ಹಾಕಿ.

## ಹಂತ 6: ಸರಿಯಾಗಿ ಅಳೆಯಿರಿ

ಕಾರ್ಬೊನೇಟ್ ಹಾಕುವ ಮುಂಚೆ ಟೈಟ್ರೇಶನ್ ಸರಿ. 9 ಮಿ.ಲೀ. ಮಾದರಿ, ಫಿನಾಲ್ಫ್ಥಲೀನ್ (ಮುಗಿದಾಗ ಬಣ್ಣ ತೋರಿಸುವ ಸೂಚಕ), 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್. ಖರ್ಚಾದ ಮಿ.ಲೀ.ಯನ್ನು 10ರಿಂದ ಭಾಗಿಸಿದರೆ ಶೇಕಡಾವಾರು ಆಸಿಡ್. ಕಾರ್ಬೊನೇಟ್ ಹಾಕಿದ ಮೇಲೆ ಈ ಲೆಕ್ಕ ನಂಬಬೇಡಿ. ಕಟ್ಟಿಹಾಕಿದ ಆಸಿಡ್ ಅದಕ್ಕೆ ಕಾಣುವುದಿಲ್ಲ. ಶೇ. 4 ಲ್ಯಾಕ್ಟೇಟ್ ಇರುವ ಬ್ಯಾಚನ್ನು "ಏನೂ ಬಂದಿಲ್ಲ" ಅಂತ ಚರಂಡಿಗೆ ಸುರಿದವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಆಗ ಅಳೆಯಬೇಕಾದದ್ದು ಕರಗಿದ ಕ್ಯಾಲ್ಸಿಯಂ. ನೀರಿನ ಗಡಸು ಅಳೆಯುವ ಇಡಿಟಿಎ ಟೈಟ್ರೇಶನ್ ಯಾವ ಕಾಲೇಜಿನ ಲ್ಯಾಬ್‌ನಲ್ಲಾದರೂ ಇರುತ್ತದೆ. ಬಿಸಿಯಾಗಿ ಸೋಸಿದ ತಿಳಿ 1 ಮಿ.ಲೀ.ಯನ್ನು ಡಿಸ್ಟಿಲ್ಡ್ ವಾಟರ್ ಸೇರಿಸಿ 50 ಮಿ.ಲೀ. ಮಾಡಿ. ಅದರಲ್ಲಿ 10 ಮಿ.ಲೀ. ತೆಗೆದು, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 12ಕ್ಕೆ ತಂದು, ಮ್ಯೂರೆಕ್ಸೈಡ್ ಸೂಚಕ ಹಾಕಿ, 0.01 ಮೋಲಾರ್ ಇಡಿಟಿಎ ಬಿಡಿ. ಖರ್ಚಾದ ಮಿ.ಲೀ.ಯನ್ನು 9ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಲ್ಯಾಕ್ಟಿಕ್ ಆಸಿಡ್ ಅಂತ ಸಿಗುತ್ತದೆ. ಹೆಪ್ಪು ಹಾಕುವ ಮುಂಚಿನ ನೀರಿಗೂ ಇದನ್ನೇ ಮಾಡಿ, ಆ ಸಂಖ್ಯೆಯನ್ನು ಕಳೆಯಿರಿ. 4.8 ಮಿ.ಲೀ. ವ್ಯತ್ಯಾಸ ಬಂದರೆ ಲೀಟರಿಗೆ 43 ಗ್ರಾಂ, ಒಳ್ಳೆಯ ಬ್ಯಾಚ್.

ಸಕ್ಕರೆಗೆ ಡಿಎನ್ಎಸ್ ಪರೀಕ್ಷೆ (ಬಣ್ಣದಿಂದ ಸಕ್ಕರೆ ಅಳೆಯುವ ವಿಧಾನ) ಸಾಕು. ಆದರೆ ಕಾಕಂಬಿ ಬಳಸಿದ್ದರೆ ಎಚ್ಚರ. ಸುಕ್ರೋಸ್ ಈ ಪರೀಕ್ಷೆಗೆ ಕಾಣುವುದಿಲ್ಲ, ಒಡೆದ ಮೇಲೆ ಕಾಣುತ್ತದೆ. ಹುದುಗುತ್ತಾ ಸಕ್ಕರೆ ಏರಿದ ಹಾಗೆ ತೋರಿದರೆ ಅದೇ ಕಾರಣ.

## ಹಂತ 7: ಬಿಸಿಯಾಗಿಯೇ ಸೋಸಿ

ಹುದುಗುವಿಕೆ ಮುಗಿದ ದಿನವೇ ಇದನ್ನು ಮಾಡಬೇಕು. ಒಂದು ಡಿಸೆಂಬರ್‌ನಲ್ಲಿ ನಾನು 20 ಲೀಟರ್ ಬ್ಯಾಚ್ ಮುಗಿಸಿ, ನಾಳೆ ಸೋಸಿದರಾಯಿತು ಅಂತ ಮನೆಗೆ ಹೋದೆ. ಬೆಳಗ್ಗೆ ಬಂದಾಗ ಡ್ರಮ್ಮಿನ ಒಳಗೋಡೆಗೆಲ್ಲ ಹೂಕೋಸಿನ ತಲೆಯಂಥ ಬಿಳಿ ಗಂಟುಗಳು ಅಂಟಿದ್ದವು. ಕೆಳಗಿನ ನಲ್ಲಿ ಪೂರ್ತಿ ಕಟ್ಟಿತ್ತು. ಹರಳು, ಸತ್ತ ಬ್ಯಾಕ್ಟೀರಿಯಾ, ಉಳಿದ ಕಾರ್ಬೊನೇಟ್ ಎಲ್ಲ ಒಂದೇ ಮುದ್ದೆ. ಮತ್ತೆ ಬಿಸಿಮಾಡಿ ಕರಗಿಸಲು ಎರಡು ದಿನ ಹಿಡಿಯಿತು. ಹಳೆಯ ಚೆಡ್ಡರ್ ಚೀಸ್ ಮೇಲೆ ಕಾಣುವ ಬಿಳಿ ಚುಕ್ಕೆಗಳೂ ಬಹುಪಾಲು ಇದೇ ಕ್ಯಾಲ್ಸಿಯಂ ಲ್ಯಾಕ್ಟೇಟ್.

ಹಾಗಾಗಿ ಕ್ರಮ ಹೀಗೆ. 80ರಿಂದ 85 ಡಿಗ್ರಿಗೆ ಕಾಯಿಸಿ. ಈಗ ಸುಣ್ಣದ ಹಾಲು ಹಾಕುವ ಹೊತ್ತು. ಪಿಎಚ್ 10 ಆಸುಪಾಸಿಗೆ ತಂದು ಅರ್ಧ ಗಂಟೆ ಹಿಡಿಯಿರಿ. ಬ್ಯಾಕ್ಟೀರಿಯಾ ಸಾಯುತ್ತದೆ, ಪ್ರೋಟೀನ್ ಗಂಟು ಕಟ್ಟುತ್ತದೆ, ಉಳಿದ ಬಿಡಿ ಆಸಿಡ್ಡೂ ಉಪ್ಪಾಗುತ್ತದೆ. ತಳಕ್ಕೆ ಕೂತ ಮೇಲೆ ಬಿಸಿ ಇರುವಾಗಲೇ ಮೊದಲು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಫನಲ್ ಅನ್ನೂ ಬಿಸಿನೀರಿನಲ್ಲಿ ತೊಳೆದು ಬಿಸಿ ಮಾಡಿಕೊಳ್ಳಿ. ಬಣ್ಣ ಜಾಸ್ತಿ ಇದ್ದರೆ ಲೀಟರಿಗೆ 10 ಗ್ರಾಂ ಆಕ್ಟಿವೇಟೆಡ್ ಇದ್ದಿಲು ಹಾಕಿ, 20 ನಿಮಿಷ ಕಲಕಿ, ಇನ್ನೊಮ್ಮೆ ಸೋಸಿ.

## ಹಂತ 8: ಹರಳು ಕಟ್ಟಿಸಿ

ಈಗ ನಾವು ಬಯಸಿ ಹರಳು ಕಟ್ಟಿಸುತ್ತೇವೆ. ಸೋಸಿದ ತಿಳಿಯನ್ನು ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಸುಮಾರು 3 ಲೀಟರ್‌ಗೆ ಇಳಿಸಿ. ಕೊನೆಕೊನೆಗೆ ಕೈಬಿಡದೆ ಕಲಕಬೇಕು, ಉಳಿದ ಸಕ್ಕರೆ ತಳ ಹಿಡಿದರೆ ಎಲ್ಲ ಕಂದಾಗುತ್ತದೆ. ನಿಧಾನ ತಣ್ಣಗಾಗಲು ಬಿಟ್ಟು, ಆಮೇಲೆ ಫ್ರಿಜ್‌ನಲ್ಲಿ ಒಂದೆರಡು ದಿನ ಇಡಿ. ಗಂಟುಗಂಟಾಗಿ ಕಟ್ಟಿದ ಹರಳನ್ನು ಬಟ್ಟೆಯಲ್ಲಿ ಹಿಂಡಿ, ಐಸ್ ನೀರು ಸ್ವಲ್ಪವೇ ಹಾಕಿ ಎರಡು ಸಲ ತೊಳೆಯಿರಿ. ನಲ್ಲಿ ನೀರಿನಲ್ಲಿ ಧಾರಾಳವಾಗಿ ತೊಳೆದರೆ ಅರ್ಧ ಕರಗಿ ಹೋಗುತ್ತದೆ.

ಪ್ರಾಜೆಕ್ಟ್‌ಗೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಲ್ಯಾಬ್‌ನಲ್ಲಿ ಮೇಲ್ವಿಚಾರಕರಿಲ್ಲದಿದ್ದರೆ ನಿಲ್ಲಿಸಲೇಬೇಕು.

## ಹಂತ 9: ಆಸಿಡ್ ಬಿಡಿಸಿ

500 ಗ್ರಾಂ ಹರಳಿಗೆ ಶೇ. 98ರ ಸಲ್ಫ್ಯೂರಿಕ್ ಆಸಿಡ್ ಸುಮಾರು 88 ಮಿ.ಲೀ. ಬೇಕು. ಸಿಕ್ಕ ಹರಳನ್ನು ತೂಗಿ ಇದೇ ಲೆಕ್ಕದಲ್ಲಿ ಹಾಕಿ. ಮೊದಲು ಅದನ್ನು ನಾಲ್ಕು ಪಟ್ಟು ತಣ್ಣೀರಿನಲ್ಲಿ ತೆಳುಮಾಡಿಕೊಳ್ಳಿ. ಆಸಿಡ್ಡನ್ನು ನೀರಿಗೆ ಹನಿಹನಿಯಾಗಿ ಬಿಡಬೇಕು. ನೀರನ್ನು ಆಸಿಡ್‌ಗೆ ಯಾವತ್ತೂ ಸುರಿಯಬಾರದು, ಸಿಡಿದು ಮುಖಕ್ಕೆ ಹಾರುತ್ತದೆ.

ಹರಳನ್ನು 70 ಡಿಗ್ರಿಯ ನೀರಿನಲ್ಲಿ ಕರಗಿಸಿ, ಕಲಕುತ್ತಾ ತೆಳು ಆಸಿಡ್ ನಿಧಾನ ಬಿಡಿ. ಜಿಪ್ಸಂ ಬಿಳಿ ಮೊಸರಿನ ಹಾಗೆ ದಟ್ಟವಾಗಿ ಬೀಳುತ್ತದೆ. ಲೆಕ್ಕದ ಆಸಿಡ್‌ನಲ್ಲಿ ಹತ್ತರ ಒಂಬತ್ತು ಭಾಗ ಹಾಕಿದ ಮೇಲೆ ನಿಲ್ಲಿಸಿ, ಪರೀಕ್ಷೆ ಮಾಡಿ. ಸೋಸಿದ ಕೆಲವು ಹನಿಗೆ ಅಮೋನಿಯಂ ಆಕ್ಸಲೇಟ್ ಹಾಕಿ. ದಟ್ಟ ಬಿಳಿ ಬಂದರೆ ಕ್ಯಾಲ್ಸಿಯಂ ಇನ್ನೂ ಇದೆ, ಸ್ವಲ್ಪ ಆಸಿಡ್ ಸೇರಿಸಿ. ಇನ್ನೊಂದು ಮಾದರಿಗೆ ಬೇರಿಯಂ ಕ್ಲೋರೈಡ್ ಹಾಕಿ. ದಟ್ಟ ಬಿಳಿ ಬಂದರೆ ಸಲ್ಫ್ಯೂರಿಕ್ ಆಸಿಡ್ ಜಾಸ್ತಿಯಾಗಿದೆ, ಚೂರು ಹರಳು ಸೇರಿಸಿ. ಎರಡರಲ್ಲೂ ತೆಳು ಮಬ್ಬು ಇದ್ದೇ ಇರುತ್ತದೆ, ಯಾಕೆಂದರೆ ಜಿಪ್ಸಂ ಸ್ವಲ್ಪ ಕರಗುತ್ತದೆ. ಬೇರಿಯಂ ಕ್ಲೋರೈಡ್ ವಿಷ, ಪರೀಕ್ಷೆ ಮಾಡಿದ ಹನಿಗಳನ್ನು ಬೇರೆ ಸೀಸೆಯಲ್ಲಿ ಹಾಕಿ, ಪಾತ್ರೆಗೆ ವಾಪಸ್ ಸುರಿಯಬೇಡಿ.

ಜಿಪ್ಸಂ ಸೋಸಿ, ಸ್ವಲ್ಪ ನೀರಿನಿಂದ ತೊಳೆದು ಆ ನೀರನ್ನೂ ಸೇರಿಸಿಕೊಳ್ಳಿ. ಒಂದು ಕಿಲೋ ಆಸಿಡ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಜಿಪ್ಸಂ ಬರುತ್ತದೆ. ದೊಡ್ಡದಾಗಿ ಮಾಡುವ ಯೋಚನೆ ಇರುವವರು ಅದನ್ನು ಎಲ್ಲಿಡುವುದು ಅಂತ ಮೊದಲೇ ನೋಡಿಕೊಳ್ಳಬೇಕು. ಚೆನ್ನಾಗಿ ತೊಳೆದದ್ದು ಕ್ಷಾರ ಮಣ್ಣನ್ನು ಸರಿಪಡಿಸಲು ಬರುತ್ತದೆ. ಸುಣ್ಣ ಹಾಕಿ ಸೋಸಿದ ಮುದ್ದೆ ಗೊಬ್ಬರದ ಗುಂಡಿಗೆ ಹೋಗಲಿ.

ತಿಳಿಯನ್ನು ವ್ಯಾಕ್ಯೂಮ್‌ನಲ್ಲಿ 60ರಿಂದ 70 ಡಿಗ್ರಿಯಲ್ಲಿ ಇಂಗಿಸಿ. ಇಂಗುತ್ತಾ ಮತ್ತಷ್ಟು ಜಿಪ್ಸಂ ಬಿದ್ದರೆ ಇನ್ನೊಮ್ಮೆ ಸೋಸಿ. ಶೇ. 50ಕ್ಕೆ ನಿಲ್ಲಿಸುವುದು ಒಳ್ಳೆಯದು. ಅದಕ್ಕಿಂತ ಗಟ್ಟಿ ಮಾಡಿದರೆ ಲ್ಯಾಕ್ಟಿಕ್ ಆಸಿಡ್ ತನ್ನೊಂದಿಗೆ ತಾನೇ ಬೆಸೆದುಕೊಳ್ಳಲು ಶುರುಮಾಡುತ್ತದೆ, ಟೈಟ್ರೇಶನ್ ಕಡಿಮೆ ತೋರಿಸುತ್ತದೆ. ಗಾಜಿನ ಸೀಸೆಯಲ್ಲಿ ತುಂಬಿ, ಹೆಸರು, ತಾರೀಖು, ಶೇಕಡಾವಾರು ಬರೆದು ಅಂಟಿಸಿ. ಇಷ್ಟು ಗಟ್ಟಿ ಆಸಿಡ್ ಕಣ್ಣಿಗೆ, ಚರ್ಮಕ್ಕೆ ಬಿದ್ದರೆ ಸುಡುತ್ತದೆ.

ಹಂತ 8ರಲ್ಲಿ ಹರಳು ಹಿಂಡಿದಾಗ ಉಳಿದ ದ್ರವವನ್ನು ಚೆಲ್ಲಬೇಡಿ. ಅದರಲ್ಲಿ ಕ್ಯಾಲ್ಸಿಯಂ ಲ್ಯಾಕ್ಟೇಟ್ ಇನ್ನೂ ಸಾಕಷ್ಟಿದೆ. ಫ್ರಿಜ್‌ನಲ್ಲಿಟ್ಟು ಮುಂದಿನ ಬ್ಯಾಚ್ ಇಂಗಿಸುವಾಗ ಸೇರಿಸಿ. ಹೀಗೆ ಎರಡು ಮೂರು ಸಲ ನಡೆಯುತ್ತದೆ. ದ್ರವ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಬಿಟ್ಟು ಹೊಸದಾಗಿ ಶುರುಮಾಡಿ.